ಹೆದರಿಕೆ ಆದಾಗ ಕಾಲು ತೆಗಿಯೋದು

ವಿಠಲ್ ಮಲ್ಯ ರೋಡಲ್ಲಿ ಭಾನುವಾರ ಬೆಳಿಗ್ಗೆ ಫೋನ್ ಹಿಡ್ಕೊಂಡು ಕಾಯ್ತಾ ನಿಂತಿರೋ ಹುಡುಗ್ರನ್ನ ನೀವೂ ನೋಡಿರ್ತೀರ. ಕಾರು ಬರತ್ತೆ, ಸೈಲೆನ್ಸರ್ ಗುಡುಗತ್ತೆ, ವಿಡಿಯೋ ಆಗತ್ತೆ. ಅದೇ ಕಾರು ಸಿಗ್ನಲ್ಲಲ್ಲಿ ಆಫ್ ಆದ್ರೆ, ಇಲ್ಲಾ ಏರ್‌ಪೋರ್ಟ್ ರೋಡಲ್ಲಿ ನೆಟ್ಟಗೆ ಹೋಗ್ತಿದ್ದಿದ್ದು ಇದ್ದಕ್ಕಿದ್ದಂಗೆ ಗಿರ್ರಂತ ತಿರುಗಿ ಡಿವೈಡರ್‌ಗೆ ಹೋಗಿ ನಿಂತ್ರೆ, ಎಲ್ಲರ ಬಾಯಲ್ಲೂ ಒಂದೇ ಮಾತು, "ದುಡ್ಡಿದೆ, ಓಡ್ಸಕ್ ಬರಲ್ಲ". ಈ ಮಾತು ಕೇಳ್ದಾಗೆಲ್ಲ ನಂಗೆ ಮನಸ್ಸಿಗೆ ಸಮಾಧಾನ ಆಗಲ್ಲ. ಓಡ್ಸಕ್ ಬರಲಿಲ್ಲ ಅನ್ನೋದು ನಿಜಾನೇ ಇರ್ಬಹುದು, ಆದ್ರೆ ಆ ಮನುಷ್ಯ ವರ್ಷಗಟ್ಟಲೆ ಬೇರೆ ಕಾರುಗಳನ್ನ ಚೆನ್ನಾಗೇ ಓಡ್ಸಿರ್ತಾನೆ, ಸಿಲ್ಕ್ ಬೋರ್ಡ್ ದಾಟಿರ್ತಾನೆ, ಮಳೇಲಿ ಶಿರಾಡಿ ಘಾಟ್ ಇಳಿದಿರ್ತಾನೆ, ಮನೆಯವರೆಲ್ಲ ಅವನ ಡ್ರೈವಿಂಗ್ ನಂಬಿ ಹಿಂದಿನ ಸೀಟಲ್ಲಿ ನಿದ್ದೆ ಮಾಡಿರ್ತಾರೆ. ಹಂಗಿದ್ದವನಿಗೆ ಈ ಕಾರಲ್ಲಿ ಮಾತ್ರ ಯಾಕೆ ಬರಲಿಲ್ಲ? ಇದು ತುಂಬಾ ದಿನದಿಂದ ತಲೇಲಿ ಕೊರೀತಾ ಇದೆ.

ನಮ್ಮ ದೊಡ್ಡಮ್ಮನ ಮಗ ಕಾರ್ ಮೆಕ್ಯಾನಿಕ್ಕು. ಶುರು ಮಾಡಿದ್ದು ಜೆ.ಸಿ. ರೋಡಲ್ಲಿ ಅಂಬಾಸಿಡರ್, ಪದ್ಮಿನಿ ಬಿಚ್ಚಿಕೊಂಡು, ಈಗ ಇಂಪೋರ್ಟೆಡ್ ಗಾಡಿಗಳನ್ನೇ ನೋಡೋ ಒಂದು ವರ್ಕ್‌ಶಾಪಲ್ಲಿದ್ದಾನೆ. ಅಣ್ಣನ ಪಕ್ಕದ ಸೀಟಲ್ಲಿ ಕೂತು ನೋಡಿದ್ದು, ಅವನ ಹತ್ರ ಪಟ್ಟು ಹಿಡಿದು ಕೇಳಿದ್ದು, ನಾನೇ ಓದಿದ್ದು ಎಲ್ಲಾ ಸೇರಿಸಿ ಬರೀತಿದೀನಿ.

ಪವರ್ ಅಂತ ಹೇಳಿ ಮುಗಿಸೋಕಾಗಲ್ಲ

ಯಾರನ್ನ ಕೇಳಿದ್ರೂ ಬರೋ ಮೊದಲನೇ ಉತ್ತರ "ಪವರ್ ಜಾಸ್ತಿ, ಅದಕ್ಕೆ". ಬುಗಾಟಿ ವೇರಾನ್ 2005ರಲ್ಲಿ ಬಂದಾಗ ಅದಕ್ಕೆ 1001 ಹಾರ್ಸ್‌ಪವರ್ರು, 16 ಸಿಲಿಂಡರ್ರು, ಎಂಜಿನ್‌ಗೆ ಗಾಳಿ ಒತ್ತಿ ತುಂಬಿ ಪವರ್ ಹೆಚ್ಚಿಸೋ ಟರ್ಬೋ ನಾಲ್ಕು, ಗಂಟೆಗೆ 400 ಕಿ.ಮೀ. ದಾಟೋ ಗಾಡಿ. ಆದ್ರೂ ನಾಲ್ಕೂ ಚಕ್ರಕ್ಕೆ ಪವರ್ ಹೋಗತ್ತೆ, ಎರಡು ಕ್ಲಚ್ ಇರೋ (ಡ್ಯುಯಲ್ ಕ್ಲಚ್) ಗೇರ್‌ಬಾಕ್ಸ್ ತಾನೇ ಗೇರ್ ಹಾಕೊಳ್ಳತ್ತೆ, ನಿಧಾನಕ್ಕೆ ಹೋಗ್ಬೇಕು ಅಂದ್ರೆ ಯಾವ ತಕರಾರೂ ಇಲ್ದೆ ಹೋಗತ್ತೆ. ಇನ್ನೊಂದು ಕಡೆ 1998ರಲ್ಲಿ ಬಂದ ಮೊದಲನೇ ಆಡಿ ಟಿಟಿ ತಗೊಳ್ಳಿ. ಶುರುವಲ್ಲಿ ಬಂದಿದ್ರಲ್ಲಿ ಅತಿ ಹೆಚ್ಚು ಅಂದ್ರೆ 225 ಹಾರ್ಸ್‌ಪವರ್, ಇವತ್ತಿನ ಲೆಕ್ಕಕ್ಕೆ ಅದೇನೂ ದೊಡ್ಡದಲ್ಲ. ಆದ್ರೆ ಜರ್ಮನಿಯ ಹೈವೇಗಳಲ್ಲಿ ತುಂಬಾ ಸ್ಪೀಡಲ್ಲಿ ಹೋಗೋವಾಗ ತಿರುವಲ್ಲಿ ಡ್ರೈವರ್ ಸಡನ್ನಾಗಿ ಎಕ್ಸಲೇಟರ್ ಬಿಟ್ರೆ, ಇಲ್ಲಾ ಲೇನ್ ಬದಲಾಯಿಸಿದ್ರೆ, ಹಿಂಭಾಗ ಹಗುರ ಆಗಿ ಜಾರಿಹೋಗ್ತಿತ್ತು. ಜನ ಸತ್ರು. ಕೊನೆಗೆ ಕಂಪನಿ ಗಾಡಿಗಳನ್ನ ವಾಪಸ್ ಕರೆಸಿ ಹಿಂದೆ ಸ್ಪಾಯ್ಲರ್ (ಗಾಳಿ ಹಿಂಭಾಗವನ್ನ ಎತ್ತದ ಹಾಗೆ ತಡೆಯೋ ಪಟ್ಟಿ) ಹಾಕಿ, ಸಸ್ಪೆನ್ಷನ್ ಬದಲಾಯಿಸಿ, ಇಎಸ್‌ಪಿ (ಜಾರೋ ಗಾಡೀನ ಕಂಪ್ಯೂಟರೇ ಬ್ರೇಕ್ ಹಾಕಿ ಸರಿಮಾಡೋ ವ್ಯವಸ್ಥೆ) ಕೊಟ್ಟಿತು. ನೋಡೋಕೆ ಎಷ್ಟು ಚೆಂದದ, ದುಂಡಗಿನ ಗಾಡಿ ಅದು, ಆ ದುಂಡಗಿನ ಬೆನ್ನಿನ ಮೇಲೆ ಗಾಳಿ ಹರಿಯೋ ರೀತೀನೇ ಹಿಂಭಾಗವನ್ನ ಮೇಲಕ್ಕೆ ಎತ್ತೋದು.

ಹಂಗಾಗಿ ಪವರ್ ಅನ್ನೋದು ತಪ್ಪು ಎಷ್ಟು ಬೇಗ ಆಗತ್ತೆ, ಆದ್ಮೇಲೆ ಎಷ್ಟು ಜೋರಾಗಿ ಹೊಡೆಯತ್ತೆ ಅನ್ನೋದನ್ನ ನಿರ್ಧರಿಸತ್ತೆ, ಅಷ್ಟೇ. ಕಷ್ಟದ ಗಾಡಿ ಅಂದ್ರೆ ನನ್ನ ಪ್ರಕಾರ ಬೇರೆನೇ, ನಾವು ಮೊದಲಿಂದ ಕಲಿತು ಮೈಗೂಡಿಸಿಕೊಂಡಿರೋ ಅಭ್ಯಾಸ ಯಾವ ಗಾಡೀಲಿ ಉಲ್ಟಾ ಹೊಡೆಯತ್ತೋ ಅದು ಕಷ್ಟದ ಗಾಡಿ.

ನಮ್ಮಲ್ಲಿ ಹೆಚ್ಚಿನವರು ಕಾರ್ ಕಲಿತಿದ್ದು ಮಾರುತಿ 800ಲ್ಲೋ ಆಲ್ಟೋಲೋ ಸ್ಯಾಂಟ್ರೋಲೋ. ಎಂಜಿನ್ ಮುಂದೆ, ಎಳಿಯೋದೂ ಮುಂದಿನ ಚಕ್ರ. ತಿರುವಿಗೆ ಸ್ವಲ್ಪ ಜೋರಾಗಿ ನುಗ್ಗಿದ್ರೆ ಮುಂಭಾಗ ತಿರುಗದೆ ನೆಟ್ಟಗೆ ಹೋಗೋಕೆ ನೋಡತ್ತೆ, ಟೈರ್ ಕಿರ್ರ್ ಅನ್ನತ್ತೆ, ಹೆದರಿಕೆ ಆಗಿ ಎಕ್ಸಲೇಟರ್ ಮೇಲಿಂದ ಕಾಲು ತೆಗೀತೀವಿ, ಭಾರ ಮುಂದಕ್ಕೆ ಬಂದು ಮುಂದಿನ ಟೈರ್ ರೋಡ್ ಕಚ್ಚಿಕೊಳ್ಳತ್ತೆ, ಗಾಡಿ ತಿರುಗತ್ತೆ, ಬದುಕಿದ್ವಿ. ಹೆದರಿಕೆ ಆದ್ರೆ ಕಾಲು ತೆಗಿ ಅನ್ನೋ ಪಾಠ ಯಾರೂ ಹೇಳಿಕೊಡದೇನೇ ಮೈಗೆ ಹತ್ತಿಬಿಡತ್ತೆ, ಮತ್ತೆ ಆ ಗಾಡೀಲಿ ಅದು ಸರಿಯಾದ ಪಾಠ. ನಿಮ್ಮ ಹೆದರಿಕೇನೇ ನಿಮ್ಮನ್ನ ಉಳಿಸೋ ಹಾಗೆ ಆ ಗಾಡೀನ ಮಾಡಿರ್ತಾರೆ.

ಎಂಜಿನ್ ಹಿಂದೆ ಕೂತಾಗ

ಅಣ್ಣನ ಗಿರಾಕಿ ಒಬ್ಬರು, ವಯಸ್ಸಾದವರು, ಅವರ ಹತ್ರ ಒಂದು ಹಳೇ ಪೋರ್ಶೆ 911 ಇದೆ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಲ್ಲಿ ಓಡಿಸೋಕೆ ಹೊರಟಾಗ ಅಣ್ಣ ಸ್ಪಾನರ್ ಸೆಟ್ ಹಾಕ್ಕೊಂಡು ಹಿಂದೆ ಹೋಗಿದ್ದ, ನಾನೂ ಹಠ ಮಾಡಿ ಹೋದೆ. ಹಿಂದಿನ ರಾತ್ರಿ ಮಳೆ ಬಂದು ಟ್ರ್ಯಾಕ್ ಅಲ್ಲಲ್ಲಿ ಒದ್ದೆ ಇತ್ತು. ಗಾಡಿ ಯಜಮಾನ್ರು ನನ್ನನ್ನ ಪಕ್ಕ ಕೂರಿಸ್ಕೊಂಡ್ರು, ಹೆಲ್ಮೆಟ್ ಸ್ಟ್ರಾಪ್ ಅವರೇ ಎಳೆದು ನೋಡಿದ್ರು, "ನೋಡಮ್ಮ, ಈ ಗಾಡೀಲಿ ಅರ್ಧ ತಿರುವಿಗೆ ಹೋದ್ಮೇಲೆ ಮನಸ್ಸು ಬದಲಾಯಿಸೋ ಹಾಗಿಲ್ಲ, ಏನಿದ್ರೂ ಮುಂಚೇನೇ ಯೋಚನೆ ಮಾಡಿ ಮುಗಿಸ್ಬೇಕು" ಅಂದ್ರು. ಮೊದಲ ಸುತ್ತು ನಿಧಾನ. ಎರಡನೇ ಸುತ್ತಲ್ಲಿ ಒಂದು ಉದ್ದದ ತಿರುವಿನ ಮಧ್ಯೆ ಒದ್ದೆ ಜಾಗ ಸಿಕ್ತು, ನನ್ನ ಬೆನ್ನಿನ ಹಿಂದೆ ಇರೋದೆಲ್ಲಾ ಒಂದು ಗೇಣು ಪಕ್ಕಕ್ಕೆ ಸರಿದ ಹಾಗಾಯ್ತು. ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಮೇಲೆ ಬಂತು, ನಾನು ಓಡಿಸ್ತಾನೇ ಇಲ್ಲ, ಎದುರಿಗೆ ಪೆಡಲ್ಲೂ ಇಲ್ಲ, ಆದ್ರೂ ಬಂತು. ಅವರ ಕಾಲು ನೋಡಿದೆ, ಅದು ಇದ್ದಲ್ಲೇ ಇದೆ. ಎಕ್ಸಲೇಟರ್ ಒತ್ತಲೂ ಇಲ್ಲ ಬಿಡಲೂ ಇಲ್ಲ, ಸ್ಟೇರಿಂಗ್ ಮಾತ್ರ ಒಂಚೂರು ಉಲ್ಟಾ ಕಡೆ ಕೊಟ್ರು. ಗಾಡಿ ಸರಿಹೋಯ್ತು. ಅಲ್ಲಿ ಕಾಲು ತೆಗೆದಿದ್ರೆ ನಾವು ಹಿಂದುಮುಂದಾಗಿ ಹುಲ್ಲಿಗೆ ಹೋಗ್ತಿದ್ವಿ ಅಂತ ಆಮೇಲೆ ಅಣ್ಣ ಬಿಡಿಸಿ ಹೇಳ್ದ.

911ರಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇರತ್ತೆ, ನಮ್ಮ ಡಿಕ್ಕಿ ಇರೋ ಜಾಗದಲ್ಲಿ. ಹೆಚ್ಚಿನ ಭಾರ ಹಿಂದೆ. ತಿರುವಲ್ಲಿ ಆ ಭಾರ ಹೊರಗಡೆಗೆ ಎಳೀತಾ ಇರತ್ತೆ, ಅದನ್ನ ಹಿಡಿದಿಟ್ಕೊಂಡಿರೋದು ಹಿಂದಿನ ಎರಡು ಟೈರು. ನೀವು ಎಕ್ಸಲೇಟರ್ ಬಿಟ್ಟ ತಕ್ಷಣ ಎರಡು ಕೆಲಸ ಒಟ್ಟಿಗೆ ಆಗತ್ತೆ, ಗಾಡಿ ಮುಂದಕ್ಕೆ ಬಾಗಿ ಹಿಂದಿನ ಟೈರ್ ಮೇಲಿನ ಒತ್ತಡ ಕಮ್ಮಿ ಆಗತ್ತೆ, ಜೊತೆಗೆ ಎಂಜಿನ್ನೇ ಬ್ರೇಕ್ ಥರ ಕೆಲಸ ಮಾಡಿ (ಎಂಜಿನ್ ಬ್ರೇಕಿಂಗ್) ಅದೇ ಹಿಂದಿನ ಟೈರ್‌ನ ಎಳಿಯತ್ತೆ. ಒಂದು ಟೈರ್‌ಗೆ ಇರೋ ಹಿಡಿತ ಒಟ್ಟು ಇಷ್ಟೇ ಅಂತ, ಅದನ್ನ ಬ್ರೇಕಿಗೂ ತಿರುವಿಗೂ ಹಂಚ್ಕೋಬೇಕು, ಹಂಚಿಕೆ ಮುಗಿದ್ರೆ ಮುಗೀತು. ಪೋರ್ಶೆಯವರಿಗೆ ಇದು ಮೊದಲಿಂದಲೂ ಗೊತ್ತಿತ್ತು. ಶುರುವಿನ ವರ್ಷಗಳಲ್ಲಿ ಮುಂದಿನ ಬಂಪರ್‌ನ ಎರಡೂ ಮೂಲೆಗೆ 11 ಕೆ.ಜಿ. ಭಾರದ ಗಟ್ಟಿ ಇಟ್ಟು ನೋಡಿದ್ರು, ಆಮೇಲೆ 1969ರ ಮಾಡೆಲ್‌ಗೆ ಹಿಂದಿನ ಚಕ್ರಗಳನ್ನ 57 ಮಿಲಿಮೀಟರ್ ಹಿಂದಕ್ಕೆ ಸರಿಸಿದ್ರು. ಬರೀ 57 ಮಿಲಿಮೀಟರ್, ನಾಲ್ಕು ಬೆರಳಿನ ಅಗಲಾನೂ ಇಲ್ಲ, ಅಷ್ಟಕ್ಕೇ ಗಾಡಿ ನಡತೆ ಎಷ್ಟೋ ಸುಧಾರಿಸಿತು. ಈ ವಿಷಯ ನಂಗೆ ತುಂಬಾ ಇಷ್ಟ, ಯಾಕಂದ್ರೆ ಹಠಕ್ಕೆ ಬಿದ್ದು ಎಂಜಿನ್‌ನ ಅಲ್ಲೇ ಇಟ್ಕೊಂಡು ಅದರ ಸುತ್ತ ಉಳಿದಿದ್ದನ್ನೆಲ್ಲ ದಶಕಗಟ್ಟಲೆ ತಿದ್ದುತ್ತಾ ಬಂದ ಎಂಜಿನಿಯರ್‌ಗಳ ತಾಳ್ಮೆ ಇದ್ರಲ್ಲಿ ಕಾಣತ್ತೆ.

ಇದೇ ಗಾಡಿಗೆ 1975ರಲ್ಲಿ ಟರ್ಬೋ ಹಾಕಿದ್ರು. 930 ಅಂತ ಕರೀತಾರೆ, 3 ಲೀಟರ್ ಎಂಜಿನ್, 260 ಹಾರ್ಸ್‌ಪವರ್, ನಾಲ್ಕೇ ಗೇರು. ಇಂಗ್ಲಿಷಲ್ಲಿ ಅದಕ್ಕೆ ಹೆಂಡ್ತೀರನ್ನ ವಿಧವೆ ಮಾಡೋ ಗಾಡಿ ಅಂತಾನೇ ಅಡ್ಡಹೆಸರು ಬಿತ್ತು. ಟರ್ಬೋ ತಿರುಗೋದು ಹೊಗೆಯ ಒತ್ತಡದಿಂದ, ಕಾಲು ಒತ್ತಿದ ಕೂಡಲೇ ಏನೂ ಆಗಲ್ಲ, ಹೊಗೆ ಜಾಸ್ತಿ ಆಗಿ ಅದು ವೇಗ ಹಿಡಿಯೋ ತನಕ ಕಾಯ್ಬೇಕು, ಆಮೇಲೆ ಕೇಳಿದ್ದೆಲ್ಲಾ ಒಟ್ಟಿಗೆ ಬರತ್ತೆ. ಈಗ ಯೋಚನೆ ಮಾಡಿ, ತಿರುವಿನ ಶುರುವಲ್ಲಿ ಪಿಕಪ್ ಕೇಳ್ತೀರ, ಗಾಡಿ ಸುಮ್ನಿರತ್ತೆ, ಇನ್ನೂ ಸ್ವಲ್ಪ ಒತ್ತುತೀರ, ತಿರುವಿನ ಮಧ್ಯೆ, ಒಂದು ಟೈರೂ ಇನ್ನು ಯಾವ ಭಾರಾನೂ ಹೊರೋ ಸ್ಥಿತೀಲಿ ಇಲ್ದಿರೋವಾಗ, ಅಷ್ಟೂ ಬಂದು ಹಿಂದಿನ ಚಕ್ರಕ್ಕೆ ಒದೆಯತ್ತೆ. ಹೆದರಿ ಕಾಲು ತೆಗೀತೀರ. ಮೇಲೆ ಹೇಳಿದ ಎರಡೂ ಆಗತ್ತೆ.

ಎಂಜಿನ್ ಮಧ್ಯದಲ್ಲಿ ಇಟ್ರೆ ಎಲ್ಲಾ ಸರಿಹೋಗತ್ತಲ್ಲ ಅಂತ ಕೇಳಬಹುದು. ಸುಮಾರು ಸರಿಹೋಗತ್ತೆ, ಹೆಚ್ಚಿನ ಫೆರಾರಿ, ಲಂಬೋರ್ಗಿನಿಗಳು ಹಂಗೇ ಇರೋದು. ಆದ್ರೆ ಅದಕ್ಕೆ ಅದರದ್ದೇ ಗುಣ ಇದೆ. ತುಂಬಿದ ಬಿಂದಿಗೆಗಳನ್ನ ಚಾಚಿದ ಎರಡೂ ಕೈಯಲ್ಲಿ ಹಿಡ್ಕೊಂಡು ಗಿರಕಿ ಹೊಡಿಯೋಕೂ, ಅದನ್ನೇ ಎದೆಗೆ ಅವಚಿಕೊಂಡು ಹೊಡಿಯೋಕೂ ಎಷ್ಟು ವ್ಯತ್ಯಾಸ ಇದೆ ನೋಡಿ, ಎದೆಗೆ ಅವಚಿಕೊಂಡಾಗ ಸರಕ್ಕನೆ ತಿರುಗಬಹುದು. ಮಧ್ಯದ ಎಂಜಿನ್ ಗಾಡಿ ಹಂಗೆ, ನೀವು ಹೇಳಿದ ಕಡೆ ಸರಕ್ಕನೆ ತಿರುಗತ್ತೆ, ಜಾರೋಕೆ ಶುರುವಾದ್ರೂ ಅಷ್ಟೇ ಸರಕ್ಕನೆ ತಿರುಗತ್ತೆ. ಹಿಡಿಯೋಕೆ ಸಿಗೋ ಸಮಯ ಕಮ್ಮಿ.

ಟೈರ್ ಮಾತಾಡೋದು ನಿಲ್ಲಿಸಿದಾಗ

ಮಾರುತಿ 800ರ ಟೈರ್ 145 ಮಿಲಿಮೀಟರ್ ಅಗಲ, 12 ಇಂಚಿನ ರಿಮ್ಮು. ಫೆರಾರಿ ಎಫ್40ಯ ಹಿಂದಿನ ಟೈರು 335 ಮಿಲಿಮೀಟರ್. ಅಗಲ ಇದ್ದಷ್ಟೂ ಹಿಡಿತ ಜಾಸ್ತಿ, ಹಿಡಿತ ಜಾಸ್ತಿ ಇದ್ದಷ್ಟೂ ಸೇಫ್ ಅಂತ ಅನ್ಸೋದು ಸಹಜ. ಆದ್ರೆ ಸಣ್ಣ ಟೈರ್ ಜಾರೋದಕ್ಕಿಂತ ತುಂಬಾ ಮುಂಚೆನೇ ಕೂಗೋಕೆ ಶುರು ಮಾಡತ್ತೆ, ಗಾಡಿ ಒಂದು ಕಡೆ ವಾಲತ್ತೆ, ಸ್ಟೇರಿಂಗ್ ಹಗುರ ಆಗತ್ತೆ, ಇವೆಲ್ಲಾ ನಲವತ್ತು ಐವತ್ತು ಸ್ಪೀಡಲ್ಲೇ ಆಗತ್ತೆ. ಅಗಲದ, ಗಟ್ಟಿ ಅಂಚಿನ ಟೈರ್ ತುಂಬಾ ಹೊತ್ತು ಹಿಡ್ಕೊಂಡೇ ಇರತ್ತೆ, ನೂರಿಪ್ಪತ್ತರಲ್ಲೂ ಏನೂ ಆಗ್ತಿಲ್ಲ ಅನ್ಸತ್ತೆ, ಆಮೇಲೆ ಬಿಡೋವಾಗ ಪೂರ್ತಿ ಬಿಟ್ಟುಬಿಡತ್ತೆ. ಹಿಡಿತ ಮತ್ತೆ ಜಾರುವಿಕೆ ನಡುವಿನ ಆ ಜಾಗ, ಅಲ್ಲೇ ಡ್ರೈವರ್‌ಗೆ ಸುದ್ದಿ ಸಿಗೋದು, ಅದೇ ತುಂಬಾ ಕಿರಿದಾಗಿಬಿಡತ್ತೆ. ರಬ್ಬರ್ ಬೇರೆ ಬಿಸಿ ಕೇಳತ್ತೆ. ಟ್ರ್ಯಾಕಿಗೆ ಅಂತ ಮಾಡಿದ ಟೈರ್ ಹಾಕ್ಕೊಂಡು ಡಿಸೆಂಬರ್ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೊರಟ್ರೆ ಆ ಚಳಿಗೆ ಟೈರ್ ಬೆಚ್ಚಗಾಗೋಕೆ ಎಷ್ಟೋ ಕಿ.ಮೀ. ಬೇಕು, ಅಲ್ಲಿ ತನಕ ಅದು ಸಾಮಾನ್ಯ ಟೈರ್‌ಗಿಂತ ಕಡೆ. ಏಪ್ರಿಲ್ ಕೊನೇಲಿ ನಮ್ಮೂರಲ್ಲಿ ಮೊದಲ ಮಳೆ ಬಿದ್ದಾಗ ರೋಡ್ ಮೇಲಿನ ಧೂಳು, ಸೋರಿದ ಆಯಿಲ್ಲು ಎಲ್ಲಾ ತೇಲಿ ಬರತ್ತಲ್ಲ, ಆ ಹೊತ್ತಿಗೆ ಬೈಕಿನವರೇ ಎಚ್ಚರಿಕೆಯಿಂದ ಹೋಗ್ತಾರೆ. ಅಗಲದ ಟೈರ್ ನೀರನ್ನ ಪಕ್ಕಕ್ಕೆ ತಳ್ಳೋಕಾಗದೆ ಅದರ ಮೇಲೇ ತೇಲತ್ತೆ.

ಅಣ್ಣ ಗಾಡಿ ಬಂದ ತಕ್ಷಣ ನೋಡೋದು ಟೈರ್ ಮೇಲಿನ ನಾಲ್ಕು ಅಂಕಿ. ಮೊದಲೆರಡು ವಾರ, ಆಮೇಲಿನೆರಡು ವರ್ಷ, 2316 ಅಂತಿದ್ರೆ 2016ರ 23ನೇ ವಾರದಲ್ಲಿ ಮಾಡಿದ್ದು. ಈ ಗಾಡಿಗಳು ವರ್ಷಕ್ಕೆ ಓಡೋದೇ ಸ್ವಲ್ಪ, ಟೈರ್ ಮೇಲಿನ ಗೀರುಗಳ ಆಳ ನೋಡಿದ್ರೆ ಟೈರ್ ಹೊಸದೇ ಕಾಣತ್ತೆ, ರಬ್ಬರ್ ಮಾತ್ರ ಒಳಗೇ ಗಟ್ಟಿಯಾಗಿ ಹೋಗಿರತ್ತೆ. "ಓನರ್‌ಗೆ ಹೇಳಿದ್ರೆ, ಇನ್ನೂ ಮೂರು ಸಾವಿರ ಕಿಲೋಮೀಟರೇ ಓಡಿಲ್ಲ, ಯಾಕ್ ಚೇಂಜ್ ಮಾಡ್ಬೇಕು ಅಂತಾರೆ ಕಣೇ, ನಾನೇನೋ ಕಮಿಷನ್‌ಗೆ ಹೇಳ್ತಿದೀನಿ ಅನ್ಕೋತಾರೆ" ಅಂತ ಅವನಿಗೆ ನಿಜವಾಗ್ಲೂ ಬೇಜಾರು.

ನಿಧಾನಕ್ಕೆ ಹೋಗೋ ಕಷ್ಟ

ಇದು ಜೋರಾಗಿ ಹೋಗೋವಾಗಿನ ಕಥೆ ಆಯ್ತು, ಬೆಂಗಳೂರಲ್ಲಿ ದಿನಾ ಕಾಣೋದು ಇನ್ನೊಂದು. ಒಂದು ಸಂಜೆ ಅಣ್ಣ ಒಂದು ಇಟಲಿ ಗಾಡೀನ ಸರ್ವೀಸ್ ಮುಗಿಸಿ ಓನರ್ ಮನೆಗೆ ಬಿಡೋಕೆ ಹೊರಟಿದ್ದ, ಹೆಸರು ಬೇಡ, ಡ್ಯುಯಲ್ ಕ್ಲಚ್ ಬರೋಕೆ ಮುಂಚಿನ ಕಾಲದ್ದು. ಅದರಲ್ಲಿ ಇರೋದು ಮಾಮೂಲಿ ಒಂಟಿ ಕ್ಲಚ್ಚೇ, ಪೆಡಲ್ ಮಾತ್ರ ಇಲ್ಲ, ಕಂಪ್ಯೂಟರ್ ಹಾಫ್ ಕ್ಲಚ್ ಮಾಡತ್ತೆ. ರಿಚ್ಮಂಡ್ ಸರ್ಕಲ್ ಹತ್ರ ಟ್ರಾಫಿಕ್ ನಿಂತಿತು. ಒಳಗೆ ಕೂತ್ರೆ ನಿಮ್ಮ ಕಣ್ಣಿಗೆ ಸಮ ಕಾಣೋದು ಬಿಎಂಟಿಸಿ ಬಸ್ಸಿನ ಚಕ್ರದ ನಟ್ಟು, ಹಿಂದಿನ ಗಾಜಲ್ಲಿ ಎಂಜಿನ್ ಬಿಟ್ರೆ ಬೇರೇನೂ ಕಾಣಲ್ಲ, ಎಡಗಡೆ ಮಿರರ್‌ಗೂ ಬಾಗಿಲಿಗೂ ನಡುವೆ ಸ್ಕೂಟರ್ ಬಂದು ನಿಂತ್ರೆ ಅದು ಇದೆ ಅಂತಾನೇ ಗೊತ್ತಾಗಲ್ಲ. ಎಲ್ಲರೂ ಎರಡಡಿ ಮುಂದೆ ಹೋದಾಗ ನಾವೂ ಎರಡಡಿ ಹೋದ್ರೆ ಅಷ್ಟೂ ಹೊತ್ತು ಕ್ಲಚ್ ಪ್ಲೇಟ್ ಉಜ್ಜತಾನೇ ಇರತ್ತೆ, ಸುಟ್ಟ ವಾಸನೆ ಬರೋಕೆ ಶುರುವಾಯ್ತು. ಅಣ್ಣ ಕಿಟಕಿ ಇಳಿಸಿದ, ನ್ಯೂಟ್ರಲ್‌ಗೆ ಹಾಕಿ ಕಾದ. ಮುಂದೆ ಒಂದು ಕಾರ್ ಹಿಡಿಯೋಷ್ಟು ಜಾಗ ಆದ್ಮೇಲೆ ಒಂದೇ ಸಲ ಕ್ಲಚ್ ಪೂರ್ತಿ ಕಚ್ಚೋ ಹಾಗೆ ಹೋಗ್ಬೇಕು ಅಂತ ಅವನ ಲೆಕ್ಕ. ಆ ಜಾಗಕ್ಕೆ ಒಂದು ಆಟೋ ನುಗ್ಗಿತು, ಇನ್ನೊಮ್ಮೆ ಕಾದ, ಎರಡು ಬೈಕ್ ಬಂತು. ಹಿಂದೆ ಹಾರ್ನ್ ಮೇಲೆ ಹಾರ್ನು. ಒಬ್ರು ಪಕ್ಕಕ್ಕೆ ಬಂದು "ಏನ್ ಸಾರ್, ಗಾಡಿ ಮೂವ್ ಮಾಡಕ್ ಬರಲ್ವಾ" ಅಂದ್ರು. ಇಪ್ಪತ್ತು ವರ್ಷಕ್ಕೂ ಮೇಲೆ ಗಾಡಿಗಳ ಜೊತೆಗೇ ಬದುಕಿರೋ ಮನುಷ್ಯ ಅವನು. ಮುಂದೆ ಹಂಪ್ ಬಂದಾಗ ಮೂಗು ಎತ್ತೋ ಬಟನ್ ಒತ್ತಿ, ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿದ, ಅಷ್ಟು ನಾಜೂಕಾಗಿ ಕಾರ್ ಓಡ್ಸೋದನ್ನ ನಾನು ಬೇರೆಲ್ಲೂ ನೋಡಿಲ್ಲ, ಆದ್ರೆ ರೋಡಲ್ಲಿ ಇದ್ದವರಿಗೆ ಕಂಡಿದ್ದು ಓಡ್ಸಕ್ ಬರದೇ ಇರೋ ಡ್ರೈವರ್.

ಇಲ್ಲೂ ವಿಷಯ ಅದೇ. ಪೋರ್ಶೆ ಕರೇರಾ ಜಿಟಿ ಅಂತ 2006ರ ತನಕ ಮಾಡ್ತಿದ್ರು, 5.7 ಲೀಟರ್ ವಿ10 ಎಂಜಿನ್ನು, 612 ಹಾರ್ಸ್‌ಪವರ್ರು, ಮ್ಯಾನುಯಲ್ ಗೇರು, ಇಎಸ್‌ಪಿ ಇಲ್ಲ. ಅದರ ಸೆರಾಮಿಕ್ ಕ್ಲಚ್ ಪ್ಲೇಟಿನ ಅಗಲ 169 ಮಿಲಿಮೀಟರ್, ಊಟದ ತಟ್ಟೆಗಿಂತ ಎಷ್ಟೋ ಚಿಕ್ಕದು. ಎಂಜಿನ್ ತಳಕ್ಕೆ ಕೂರ್ಲಿ, ತಿರುಗೋ ಭಾಗಗಳು ಹಗುರ ಇರ್ಲಿ ಅಂತ ಹಂಗೆ ಮಾಡಿದ್ದು. ತಿರುಗೋ ಭಾರ ಕಮ್ಮಿ ಆದ್ರೆ ಆರ್‌ಪಿಎಂ ಪಟ್ಟಂತ ಏರತ್ತೆ, ಅಷ್ಟೇ ಪಟ್ಟಂತ ಬೀಳತ್ತೆ, ಕ್ಲಚ್ ಬಿಡೋವಾಗ ಒಂಚೂರು ಹೆಚ್ಚುಕಮ್ಮಿ ಆದ್ರೆ ಗಾಡಿ ಆಫ್. ಡ್ರೈವಿಂಗ್ ಸ್ಕೂಲಲ್ಲಿ ಮೊದಲನೇ ದಿನ ಹೇಳ್ಕೊಟ್ಟಿದ್ದೇನು? ಕ್ಲಚ್ ಬಿಡ್ತಾ ಬಿಡ್ತಾ ಎಕ್ಸಲೇಟರ್ ಕೊಡಿ. ಈ ಗಾಡೀಲಿ ಎಕ್ಸಲೇಟರ್ ಮುಟ್ಟದೇನೇ ಕ್ಲಚ್ ಬಿಡ್ಬೇಕು, ಹೊರಡೋಕೆ ಬೇಕಾದಷ್ಟು ಪೆಟ್ರೋಲ್‌ನ ಎಂಜಿನ್ ಕಂಪ್ಯೂಟರೇ ನೋಡ್ಕೊಳ್ಳತ್ತೆ. ಮೇಲೆ ಕಾಲು ತೆಗೀಬೇಡಿ ಅಂದಿದ್ದು, ಇಲ್ಲಿ ಕಾಲು ಇಡ್ಬೇಡಿ ಅನ್ನೋದು, ಎರಡೂ ಕಡೆ ಮೈ ಕಲಿತಿರೋದನ್ನೇ ಬಿಡ್ಬೇಕು.

ಕಷ್ಟ ಇರಲೇಬೇಕಾ

ಹೋಂಡಾ 1990ರಲ್ಲಿ ಎನ್‌ಎಸ್‌ಎಕ್ಸ್ ತಂದಾಗ ಈ ಪ್ರಶ್ನೆಗೆ ಒಂದು ಉತ್ತರ ಸಿಕ್ತು. ಅಲ್ಯೂಮಿನಿಯಂ ಬಾಡಿ, ಮಧ್ಯದಲ್ಲಿ ಎಂಜಿನ್ನು, ಸುತ್ತಮುತ್ತ ಚೆನ್ನಾಗಿ ಕಾಣೋ ಗಾಜು, ದಿನಾ ಆಫೀಸಿಗೆ ತಗೊಂಡು ಹೋಗಬಹುದಾದ ಕ್ಲಚ್ಚು. ತಯಾರಿ ಹಂತದಲ್ಲಿ ಫಾರ್ಮುಲಾ ಒನ್ ರೇಸರ್ ಆಯರ್ಟನ್ ಸೆನ್ನಾ ಓಡಿಸಿ ನೋಡಿ ಬಾಡಿ ಇನ್ನೂ ಗಟ್ಟಿ ಆಗ್ಬೇಕು ಅಂದಿದ್ದಕ್ಕೆ ಎಂಜಿನಿಯರ್‌ಗಳು ಮತ್ತೆ ಕೂತು ಗಟ್ಟಿ ಮಾಡಿದ್ರು. ಅದು ಬಂದ್ಮೇಲೆ ಸ್ಪೋರ್ಟ್ಸ್ ಕಾರ್ ಅಂದ್ರೆ ಹಿಂಸೆ ಕೊಡಲೇಬೇಕು ಅನ್ನೋ ಮಾತಿಗೆ ಅರ್ಥ ಉಳೀಲಿಲ್ಲ. ಅಷ್ಟಾದ್ರೂ 1992ರ ಡಾಡ್ಜ್ ವೈಪರ್ 8 ಲೀಟರ್ ಎಂಜಿನ್, 400 ಹಾರ್ಸ್‌ಪವರ್ ಇಟ್ಕೊಂಡು ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋದು) ಇಲ್ಲದೆ, ಏರ್‌ಬ್ಯಾಗ್ ಇಲ್ಲದೆ ಬಂತು, ಜನ ಇಷ್ಟಪಟ್ಟು ತಗೊಂಡ್ರು. ಮೆಕ್ಲಾರೆನ್ ಎಫ್1 ಅನ್ನೋ ರೋಡ್ ಕಾರಲ್ಲೂ ಎಬಿಎಸ್ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ಅದನ್ನ ಡಿಸೈನ್ ಮಾಡಿದ ಗಾರ್ಡನ್ ಮರ್ರೇಗೆ ಎನ್‌ಎಸ್‌ಎಕ್ಸ್ ಬಗ್ಗೆ ತುಂಬಾ ಗೌರವ ಇದ್ರೂನೂ. ಅಲ್ಲಿ ಕಷ್ಟ ಅನ್ನೋದು ಬೇಕಂತಲೇ ಆರಿಸ್ಕೊಂಡಿದ್ದು. ರೋಡ್ ಹೇಳೋದು ಕೈಗೆ, ಕಾಲಿಗೆ ನೇರವಾಗಿ ಬರಲಿ, ಮಧ್ಯೆ ಯಾವ ಮಷೀನೂ ಅದನ್ನ ಮೆತ್ತಗೆ ಮಾಡ್ಬಾರ್ದು ಅನ್ನೋ ಆಸೆ. ಆ ಟ್ರ್ಯಾಕಲ್ಲಿ ಯಜಮಾನ್ರ ಕೈ ನೋಡಿದ್ಮೇಲೆ ಆ ಆಸೆ ನಂಗೆ ಅರ್ಥ ಆಗತ್ತೆ, ಅದರ ಮೇಲೆ ಪ್ರೀತೀನೂ ಇದೆ. ಆದ್ರೆ ಕಷ್ಟದ ಗಾಡೀನೇ ನಿಜವಾದ ಗಾಡಿ, ಎಲೆಕ್ಟ್ರಾನಿಕ್ಸ್ ಇರೋದು ಬರದೇ ಇರೋರಿಗೆ ಅಂತ ಹೇಳೋರ ಮಾತನ್ನ ನಾನು ಒಪ್ಪಲ್ಲ. ಇಎಸ್‌ಪಿ ಒಂದೊಂದೇ ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ಗಾಡೀನ ನೆಟ್ಟಗೆ ಮಾಡತ್ತೆ, ನಾಲ್ಕು ಬ್ರೇಕ್ ಪೆಡಲ್ ಯಾವ ಮನುಷ್ಯನ ಕಾಲ ಕೆಳಗೂ ಇಲ್ಲ.

ಈಗಿನ ಗಾಡಿಗಳು ಅದಕ್ಕೇ ಅಷ್ಟು ಸಲೀಸು. ಆರುನೂರು ಹಾರ್ಸ್‌ಪವರ್ ಗಾಡೀನ ಯಾರು ಬೇಕಾದ್ರೂ ಕೂತು ಓಡಿಸಬಹುದು, ಸ್ಟೀರಿಂಗ್ ಹತ್ರ ಇರೋ, ಈ ಎಲೆಕ್ಟ್ರಾನಿಕ್ಸ್‌ನ ಆಫ್ ಮಾಡೋ ಒಂದು ಬಟನ್ ಒತ್ತೋ ತನಕ. ಒತ್ತಿದ ಮೇಲೆ ಒಳಗೆ ಮುಚ್ಚಿಟ್ಟಿದ್ದ ಹಳೇ ಗುಣಗಳೆಲ್ಲ ಆಚೆ ಬರತ್ತೆ, ಓಡ್ಸೋನಿಗೆ ಅವುಗಳ ಪರಿಚಯಾನೇ ಇರಲ್ಲ, ಇಷ್ಟು ದಿನ ಕಂಪ್ಯೂಟರ್ ಮಾಡ್ತಿದ್ದಿದ್ದನ್ನ ತಾನೇ ಮಾಡ್ತಿದ್ದೆ ಅಂತ ಅನ್ಕೊಂಡಿರ್ತಾನೆ. ನಂಗೆ ಭಯ ಆಗೋದು ಇಲ್ಲೇ. ಲೈಸೆನ್ಸ್ ಕೊಡೋವಾಗ ನಮ್ಮಲ್ಲಿ ರಿವರ್ಸ್ ಬರತ್ತಾ, 8 ಹಾಕೋಕೆ ಬರತ್ತಾ ನೋಡ್ತಾರೆ, ಗಾಡಿ ಜಾರೋದು ಅಂದ್ರೆ ಹೆಂಗಿರತ್ತೆ ಅಂತ ಯಾರೂ ತೋರಿಸಲ್ಲ. ಕಲೀಬೇಕು ಅಂದ್ರೆ ಹತ್ತಿರದ ದೊಡ್ಡ ಟ್ರ್ಯಾಕ್‌ಗಳು ಅಂದ್ರೆ ಮುನ್ನೂರು ಕಿ.ಮೀ. ಆಚೆ ಇರುಂಗಾಟ್ಟುಕೋಟ್ಟೈ, ಇಲ್ಲಾ ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಹೆಬ್ಬಾಳ ದಾಟಿದ ತಕ್ಷಣ ಸಿಗೋ ಅಗಲದ ರೋಡೇ ಹೆಚ್ಚಿನವರಿಗೆ ಮೊದಲನೇ ಪಾಠಶಾಲೆ, ಅದೇ ರೋಡಲ್ಲಿ ಕಾರ್ಖಾನೆ ಶಿಫ್ಟ್ ಮುಗಿಸಿ ಬೈಕಲ್ಲಿ ಮನೆಗೆ ಹೋಗೋರು, ಬ್ಯಾರಿಕೇಡ್ ಸಂದೀಲಿ ರೋಡ್ ದಾಟೋರು ಇರ್ತಾರೆ.

ಅಣ್ಣ ಈಗ ಕೀ ಕೊಡೋವಾಗ ಪ್ರತಿಯೊಬ್ಬ ಗಿರಾಕಿ ಹತ್ರಾನೂ ಐದು ನಿಮಿಷ ನಿಂತು ಮಾತಾಡ್ತಾನೆ. ಟೈರ್ ಡೇಟ್ ತೋರಿಸ್ತಾನೆ, ಆ ಬಟನ್ ತೋರಿಸಿ "ಇದೊಂದನ್ನ ಊರೊಳಗೆ ಮುಟ್ಬೇಡಿ ಸಾರ್" ಅಂತಾನೆ, ಟ್ರ್ಯಾಕ್ ಡೇ ನಡೆಯೋವಾಗ ಹೋಗಿ ಬನ್ನಿ ಅಂತಾನೆ. ಹೆಚ್ಚಿನವರು ತಲೆ ಆಡಿಸಿ ಹೋಗ್ತಾರೆ. ಒಬ್ಬ ಹುಡುಗ ಮಾತ್ರ ನಿಜವಾಗ್ಲೂ ಹೋಗಿ ಬಂದ, ಮುಂದಿನ ವಾರ ವರ್ಕ್‌ಶಾಪಿಗೆ ಬಂದು "ತಿರುವಲ್ಲಿ ಹಿಂದೆ ಜಾರ್ತು ಅಣ್ಣ, ಕಾಲು ತೆಗೆದುಬಿಟ್ಟೆ, ಪೂರ್ತಿ ಒಂದು ಸುತ್ತು ತಿರುಗಿ ಹುಲ್ಲಲ್ಲಿ ನಿಂತೆ, ಸುತ್ತ ಯಾರೂ ಇರ್ಲಿಲ್ಲ" ಅಂದ. ಹಿಂದಿನ ಎರಡು ಟೈರ್ ಹೊಸದು ಹಾಕ್ಸಿದ, ಮುಂದಿನ ಟ್ರ್ಯಾಕ್ ಡೇ ಯಾವಾಗ ಅಂತ ಕೇಳ್ಕೊಂಡು ಹೋದ.